ತಪ್ಪುಗಳ ಪಟ್ಟಿಯ ಚರಿತ್ರೆ: ಇಂಗ್ಲಿಷ್ ಉಚ್ಚಾರಣಾ ತರಬೇತಿ ಮತ್ತು ಗುಂಡ್ಯ ಪರಿಸರದ ಬಹುಭಾಷಿಕರು

ಸಾರಾಂಶ

ಸ್ವತಂತ್ರವಾಗಿ ಆನ್‌ಲೈನ್ ಮೂಲಕ ಇಂಗ್ಲಿಷ್ ಉಚ್ಚಾರಣೆಯನ್ನು ಕಲಿಸುವ ವೃತ್ತಿ ಕರ್ನಾಟಕದಲ್ಲಿ ಇತ್ತೀಚಿನದು. ಆದರೆ ಆ ವೃತ್ತಿಯವರು ಬಳಸುವ ಮುಖ್ಯ ಸಾಧನ, ಅಂದರೆ ಮಾತೃಭಾಷೆಗೊಂದರಂತೆ ಸಿದ್ಧಪಡಿಸಿದ ‘ತಪ್ಪುಗಳ ಪಟ್ಟಿ’, ಹಳೆಯದು. ಈ ಪಟ್ಟಿಯ ಹಿಂದಿರುವ ತಾತ್ತ್ವಿಕ ನಿಲುವನ್ನು ಭಾಷಾವಿಜ್ಞಾನವು 1970ರ ಹೊತ್ತಿಗೇ ಬಹುಮಟ್ಟಿಗೆ ಕೈಬಿಟ್ಟಿತ್ತು. ಕಾಲ್ ಸೆಂಟರ್ ಉದ್ಯಮದ ಕಾಲದಲ್ಲಿ ಅದೇ ಪಟ್ಟಿ ಮಾರಾಟದ ಸರಕಾಗಿ ಮರಳಿತು. ಪ್ರಸ್ತುತ ಲೇಖನವು ಈ ಚರಿತ್ರೆಯನ್ನು ಸ್ಥೂಲವಾಗಿ ಗುರುತಿಸಿ, ಕಡಬ ತಾಲ್ಲೂಕಿನ ಗುಂಡ್ಯ ಪರಿಸರದ ಭಾಷಿಕರ ವಿಷಯದಲ್ಲಿ ಪಟ್ಟಿಯು ಎಲ್ಲಿ ಎಡವುತ್ತದೆ ಎಂಬುದನ್ನು ತುಳು ಮತ್ತು ಮಲಯಾಳಂ ಧ್ವನಿವ್ಯವಸ್ಥೆಗಳ ಆಧಾರದ ಮೇಲೆ ಪರಿಶೀಲಿಸುತ್ತದೆ.

ಪ್ರಮುಖ ಪದಗಳು: ಉಚ್ಚಾರಣಾ ತರಬೇತಿ, ವ್ಯತಿರೇಕ ವಿಶ್ಲೇಷಣೆ, ಮಾತೃಭಾಷಾ ಪ್ರಭಾವ, ಅರ್ಥಗ್ರಾಹ್ಯತೆ, ತುಳು, ದಕ್ಷಿಣ ಕನ್ನಡ

1. ಪೀಠಿಕೆ

ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ ಶಿರಾಡಿ ಘಾಟಿಯನ್ನು ಏರಲು ತೊಡಗುವ ಮೊದಲು ಸಿಗುವ ಊರು ಗುಂಡ್ಯ. ಸುಬ್ರಹ್ಮಣ್ಯದ ದಾರಿ ಕವಲೊಡೆಯುವುದು ಇಲ್ಲಿಯೇ. ಹಿಂದೆ ಪುತ್ತೂರು ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ಕಡಬ ತಾಲ್ಲೂಕಿನಲ್ಲಿದೆ. ದಾರಿಗಳಂತೆ ಭಾಷೆಗಳೂ ಇಲ್ಲಿ ಕೂಡುತ್ತವೆ. ತುಳು ಇಲ್ಲಿನ ವ್ಯವಹಾರದ ಮಾತು. ಸುಳ್ಯದ ಕಡೆಯಿಂದ ಅರೆಭಾಷೆ, ಅಡಕೆ ತೋಟದ ಮನೆಗಳಲ್ಲಿ ಹವ್ಯಕ ಕನ್ನಡ, ರಬ್ಬರ್ ಕೃಷಿಗೆಂದು ಕೇರಳದಿಂದ ಬಂದು ನೆಲೆಸಿದ ಕುಟುಂಬಗಳಲ್ಲಿ ಮಲಯಾಳಂ, ಪೇಟೆಗಳಲ್ಲಿ ಬ್ಯಾರಿ ಮತ್ತು ಕೊಂಕಣಿ, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್. ಹತ್ತನೆಯ ತರಗತಿ ಮುಗಿಸುವಷ್ಟರಲ್ಲಿ ಇಲ್ಲಿನ ಹೆಚ್ಚಿನ ಮಕ್ಕಳು ಕನಿಷ್ಠ ಮೂರು ಧ್ವನಿವ್ಯವಸ್ಥೆಗಳಲ್ಲಿ ಪಳಗಿರುತ್ತಾರೆ.

ಸಂಶೋಧನಾ ವಿದ್ಯಾರ್ಥಿದೆಸೆಯಲ್ಲಿ ಜೀವನೋಪಾಯಕ್ಕಾಗಿ ನಾವು ಆನ್‌ಲೈನ್ ಉಚ್ಚಾರಣಾ ತರಬೇತಿಯನ್ನು ಸ್ವತಂತ್ರವಾಗಿ ನಡೆಸಿದ್ದುಂಟು. ಗಂಟೆಗಿಷ್ಟು ಎಂದು ಶುಲ್ಕ, ವಿಡಿಯೋ ಕರೆಯಲ್ಲಿ ಪಾಠ, ಮೊದಲ ದಿನ ಒಂದು ವಾಚನಭಾಗವನ್ನು ಓದಿಸಿ ದಾಖಲಿಸಿಕೊಳ್ಳುವುದು, ಅನಂತರ ಪಟ್ಟಿಯೊಂದನ್ನು ಮುಂದಿಟ್ಟುಕೊಂಡು ತಪ್ಪುಗಳಿಗೆ ಗುರುತು ಹಾಕುವುದು, ಹೀಗಿತ್ತು ಕ್ರಮ. ಆ ಪಟ್ಟಿ ನಮ್ಮ ರಚನೆಯಲ್ಲ. ಬೆಂಗಳೂರಿನ ಒಂದು ತರಬೇತಿ ಕೇಂದ್ರದಲ್ಲಿ ಬಳಕೆಯಲ್ಲಿದ್ದುದು ಕೈಯಿಂದ ಕೈಗೆ ದಾಟಿ ನಮಗೆ ತಲುಪಿತ್ತು. ಅದರ ತಲೆಬರಹದಲ್ಲಿ ‘ಎಂಟಿಐ: ಕನ್ನಡ’ ಎಂದಿತ್ತು. ಎಂಟಿಐ ಎಂದರೆ ಈ ವೃತ್ತಿಯವರ ಮಾತಿನಲ್ಲಿ ಮಾತೃಭಾಷಾ ಪ್ರಭಾವ. ನಿವಾರಿಸಬೇಕಾದ ದೋಷವೊಂದರ ಹೆಸರು.

ಗುಂಡ್ಯದ ಆಸುಪಾಸಿನ, ಮನೆಯಲ್ಲಿ ತುಳು ಆಡುವ, ಶುಶ್ರೂಷಾ ಪದವಿ ಪಡೆದು ವಿದೇಶದ ಉದ್ಯೋಗಕ್ಕಾಗಿ ಐಇಎಲ್‌ಟಿಎಸ್ ಪರೀಕ್ಷೆಗೆ ಸಿದ್ಧವಾಗುತ್ತಿದ್ದ ವಿದ್ಯಾರ್ಥಿನಿಯೊಬ್ಬರಿಗೆ ಪಟ್ಟಿಯ ಪ್ರಕಾರ ನಾವು ‘ಮೆನ್’ ಮತ್ತು ‘ಮ್ಯಾನ್’ ಪದಗಳ ಜೋಡಿಯನ್ನು ಎರಡು ಪಾಠಗಳ ಕಾಲ ಅಭ್ಯಾಸ ಮಾಡಿಸಿದೆವು. ಎರಡನೆಯ ಪಾಠದ ಕೊನೆಗೆ ಅವರು ಕೇಳಿದ ಪ್ರಶ್ನೆ ಇದು: “ಇದು ನಮ್ಮ ‘ಯಾನ್ ಮಲ್ಪುವೆ’, ‘ಆಯೆ ಮಲ್ಪುವೆ’ ಹೇಳಿದ ಹಾಗೆಯೇ ಅಲ್ವಾ?” ಅವರು ಹೇಳಿದ್ದು ಸರಿಯಾಗಿತ್ತು. ತಮ್ಮಲ್ಲಿ ಇದ್ದ ಭೇದವೊಂದನ್ನು ಕಲಿಯಲು ಅವರು ನಮಗೆ ಹಣ ಕೊಟ್ಟಿದ್ದರು. ಧ್ವನಿವಿಜ್ಞಾನ ಓದಿದ ನಾವು ಅದನ್ನು ಕಾಣದಂತೆ ಮಾಡಿದ ಪಟ್ಟಿ ಎಲ್ಲಿಂದ ಬಂತು ಎಂಬ ಪ್ರಶ್ನೆಯೇ ಈ ಲೇಖನದ ಮೂಲ.

2. ಕರಾವಳಿಯ ಮೊದಲ ಉಚ್ಚಾರಣಾ ಪಾಠಗಳು

ಈ ಕರಾವಳಿಯಲ್ಲಿ ಅಚ್ಚಾದ ಆರಂಭದ ಉಚ್ಚಾರಣಾ ಸೂಚನೆಗಳು ಸ್ಥಳೀಯರ ನಾಲಗೆಯನ್ನು ತಿದ್ದಲು ಬರೆದವಲ್ಲ. ಪರದೇಶಿಯರ ನಾಲಗೆಗಾಗಿ ಬರೆದವು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1841ರಲ್ಲಿ ಮುದ್ರಣಾಲಯವನ್ನು ಆರಂಭಿಸಿದರು. ಜರ್ಮನ್ ಮಾತಾಡುವ ಈ ಪಾದ್ರಿಗಳಿಗೆ ತುಳುವನ್ನು ಕಲಿಯುವುದು ಅನಿವಾರ್ಯವಾಗಿತ್ತು. 1872ರಲ್ಲಿ ಬ್ರಿಗೆಲ್ ಅವರ ತುಳು ವ್ಯಾಕರಣ, 1886ರಲ್ಲಿ ಮ್ಯಾನರ್ ಅವರ ತುಳು–ಇಂಗ್ಲಿಷ್ ನಿಘಂಟು ಪ್ರಕಟವಾದವು. ಇಬ್ಬರೂ ತುಳುವಿನ ಪದಾಂತ್ಯದ ಅರೆ ಉಕಾರವನ್ನು ವಿವರಿಸುವಾಗ ಫ್ರೆಂಚ್ ಭಾಷೆಯ ‘ನಾನು’ ಎಂಬರ್ಥದ ಸರ್ವನಾಮದಲ್ಲಿ ಬರುವ ಸ್ವರಕ್ಕೆ ಅದನ್ನು ಹೋಲಿಸಿದರು. ಬರವಣಿಗೆಯಲ್ಲಿ ಅದನ್ನು ತೋರಿಸಲು ಕನ್ನಡ ಲಿಪಿಯ ವಿರಾಮ ಚಿಹ್ನೆಯನ್ನು ಬಳಸಿದರು.

ಇಲ್ಲಿ ಗಮನಿಸಬೇಕಾದುದು ವಿಧಾನ. ಕಲಿಯುವವನಿಗೆ ಈಗಾಗಲೇ ತಿಳಿದಿರುವ ಯಾವುದೋ ಭಾಷೆಯ ಧ್ವನಿಯಿಂದ ಹೊರಟು ಹೊಸ ಧ್ವನಿಯನ್ನು ತಲುಪುವ ದಾರಿ ಅದು. ಆ ತಿಳಿದ ಭಾಷೆ ಕಲಿಯುವವನ ಮಾತೃಭಾಷೆಯೇ ಆಗಿರಬೇಕೆಂಬ ನಿಯಮವೂ ಇರಲಿಲ್ಲ. ಜರ್ಮನ್ನರಿಗೆ ಫ್ರೆಂಚ್ ಗೊತ್ತಿದ್ದರೆ ಫ್ರೆಂಚ್ ನೆರವಿಗೆ ಬರುತ್ತಿತ್ತು. ಬಹುಭಾಷಿಕತೆಯನ್ನು ಅಡ್ಡಿಯೆಂದು ಬಗೆಯದೆ ಬಂಡವಾಳವೆಂದು ಬಳಸಿದ ಈ ಕ್ರಮ ಮುಂದಿನ ಶತಮಾನದಲ್ಲಿ, ದಿಕ್ಕು ತಿರುಗಿ ಸ್ಥಳೀಯರು ಇಂಗ್ಲಿಷ್ ಕಲಿಯುವಾಗ, ಕಾಣೆಯಾಯಿತು.

ತುಳುವಿನ ಇನ್ನೊಂದು ಸ್ವರದ ಚರಿತ್ರೆಯೂ ಪ್ರಸ್ತುತ. ಪದಾಂತ್ಯದಲ್ಲಿ ತುಳು ಎರಡು ಬಗೆಯ ಎಕಾರಗಳನ್ನು ಭೇದಕವಾಗಿ ಬಳಸುತ್ತದೆ. ‘ಮಲ್ಪುವೆ’ ಎಂಬಲ್ಲಿ ಕೊನೆಯ ಸ್ವರ ವಿವೃತವಾದರೆ ‘ನಾನು ಮಾಡುತ್ತೇನೆ’ ಎಂದೂ ಸಂವೃತವಾದರೆ ‘ಅವನು ಮಾಡುತ್ತಾನೆ’ ಎಂದೂ ಅರ್ಥ. ಕನ್ನಡ ಲಿಪಿಯಲ್ಲಿ ಎರಡಕ್ಕೂ ಒಂದೇ ಬರಹ. ಎಸ್. ಯು. ಪಣಿಯಾಡಿಯವರು 1932ರ ತಮ್ಮ ತುಳು ವ್ಯಾಕರಣದಲ್ಲಿ ವಿವೃತ ಎಕಾರಕ್ಕಾಗಿ ಎರಡು ತಲೆಕಟ್ಟುಗಳ ವಿಶೇಷ ಚಿಹ್ನೆಯನ್ನು ಬಳಸಿದರು. 1988ರಿಂದ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರವು ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಹೊರತಂದ ತುಳು ನಿಘಂಟು ಅದೇ ಪದ್ಧತಿಯನ್ನು ಅನುಸರಿಸಿತು. ಡಿ. ಎನ್. ಶಂಕರ ಭಟ್ಟರ 1967ರ ತುಳು ವಿವರಣಾತ್ಮಕ ವಿಶ್ಲೇಷಣೆಯಂತಹ ಕೃತಿಗಳಿಂದ ತುಳುವಿನ ಸ್ವರವ್ಯವಸ್ಥೆ ವಿದ್ವತ್ ವಲಯಕ್ಕೆ ಪರಿಚಿತವಾಗಿತ್ತು. ಅಂದರೆ ಇಂಗ್ಲಿಷ್ ಕಲಿಸುವವರಿಗೆ ಬೇಕಾಗಿದ್ದ ಮಾಹಿತಿ ಮುದ್ರಣದಲ್ಲೇ ಇತ್ತು. ಕೊರತೆಯಾದುದು ಅದನ್ನು ತೆರೆದು ನೋಡುವ ಅಗತ್ಯದ ಅರಿವು.

3. ಪಟ್ಟಿಯ ಹುಟ್ಟು

ಡೇನಿಯಲ್ ಜೋನ್ಸ್ ಅವರ ಇಂಗ್ಲಿಷ್ ಉಚ್ಚಾರಣಾ ನಿಘಂಟು 1917ರಲ್ಲಿ ಪ್ರಕಟವಾದ ಮೇಲೆ ವಸಾಹತುಗಳ ತರಗತಿಗಳಿಗೂ ಒಂದು ಲಿಖಿತ ಮಾದರಿ ದೊರೆಯಿತು. ಆರಂಭದಲ್ಲಿ ಆ ಮಾದರಿಗೆ ಪಬ್ಲಿಕ್ ಸ್ಕೂಲುಗಳ ಹೆಸರಿತ್ತು. 1926ರ ಆವೃತ್ತಿಯಿಂದ ಅದು ‘ಸ್ವೀಕೃತ ಉಚ್ಚಾರಣೆ’ ಎನಿಸಿತು. ಹೆಸರು ಬದಲಾದೊಡನೆ ಒಂದು ವರ್ಗದ ಮಾತು ಎಲ್ಲರೂ ಒಪ್ಪಿದ ಮಾತಿನಂತೆ ತೋರತೊಡಗಿತು. ‘ತಟಸ್ಥ’ ಎಂಬ ಮುಂದಿನ ಹೆಸರಿನ ವಿಷಯದಲ್ಲೂ ಇದೇ ನಡೆಯಿತು.

ಮಾದರಿಯೊಂದೇ ಇದ್ದರೆ ಪಟ್ಟಿ ಹುಟ್ಟದು. ಮಾದರಿಯಿಂದ ಕಲಿಯುವವನು ಎಷ್ಟು ದೂರದಲ್ಲಿದ್ದಾನೆ ಎಂದು ಅಳೆಯುವ ಕ್ರಮವೂ ಬೇಕು. ಅದನ್ನು ಒದಗಿಸಿದ್ದು ವ್ಯತಿರೇಕ ವಿಶ್ಲೇಷಣೆ. ವೈನ್‌ರೈಕ್ 1953ರಲ್ಲಿ ಭಾಷಾಸಂಪರ್ಕದ ಅಧ್ಯಯನದಲ್ಲಿ ಹಸ್ತಕ್ಷೇಪದ ಪರಿಕಲ್ಪನೆಯನ್ನು ವಿಸ್ತರಿಸಿದರು. ಲಾಡೊ 1957ರಲ್ಲಿ, ಎರಡು ಭಾಷೆಗಳ ವ್ಯವಸ್ಥೆಗಳನ್ನು ಎದುರುಬದುರಾಗಿಟ್ಟರೆ ಕಲಿಯುವವನ ಕಷ್ಟಗಳನ್ನು ಮುಂಚಿತವಾಗಿ ಹೇಳಬಹುದು ಎಂದು ವಾದಿಸಿದರು. ಭಾರತದಲ್ಲಿ ಇಂಗ್ಲಿಷ್ ಶಿಕ್ಷಕರ ತರಬೇತಿ ಸಾಂಸ್ಥಿಕ ರೂಪ ಪಡೆದದ್ದು ಇದೇ ಕಾಲದಲ್ಲಿ. ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ 1958ರಲ್ಲಿ, ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಲ್ಲಿ ಆರಂಭವಾದವು.

ಈ ಘಟ್ಟದ ವಿದ್ವತ್ತನ್ನು ಲಘುವಾಗಿ ಕಾಣುವುದು ನಮ್ಮ ಉದ್ದೇಶವಲ್ಲ. ಹೈದರಾಬಾದಿನ ಆರ್. ಕೆ. ಬನ್ಸಲ್ 1969ರಲ್ಲಿ ಪ್ರಕಟಿಸಿದ ಭಾರತೀಯ ಇಂಗ್ಲಿಷಿನ ಅರ್ಥಗ್ರಾಹ್ಯತೆಯ ಅಧ್ಯಯನ ಕೇಳಬೇಕಾದ ಪ್ರಶ್ನೆಯನ್ನೇ ಕೇಳಿತು: ಯಾವ ವ್ಯತ್ಯಾಸಗಳು ಕೇಳುಗರಿಗೆ ನಿಜವಾಗಿ ತೊಡಕಾಗುತ್ತವೆ? ಬೇರೆ ಬೇರೆ ಭಾಷಾಹಿನ್ನೆಲೆಯ ಭಾರತೀಯರ ಮಾತನ್ನು ದಾಖಲಿಸಿ ಕೇಳಿಸಿದ ಆ ಅಧ್ಯಯನದಲ್ಲಿ ಪದಾಘಾತದ ಸ್ಥಾನಪಲ್ಲಟ ಮುಖ್ಯ ಕಾರಣವಾಗಿ ಕಂಡುಬಂತು. ಬನ್ಸಲ್ ಮತ್ತು ಹ್ಯಾರಿಸನ್ ಅವರ 1972ರ ಕೈಪಿಡಿ, ನಿಹಲಾನಿ, ಟಂಗ್ ಮತ್ತು ಹೊಸಾಲಿಯವರ 1979ರ ಕೈಪಿಡಿ ಭಾರತೀಯ ಬಳಕೆಯನ್ನು ಅದರದೇ ನೆಲೆಯಲ್ಲಿ ವಿವರಿಸಲು ಯತ್ನಿಸಿದವು.

ಇದೇ ವೇಳೆಗೆ ಸಿದ್ಧಾಂತದ ನೆಲೆಯಲ್ಲಿ ವ್ಯತಿರೇಕ ವಿಶ್ಲೇಷಣೆಯ ಪ್ರಬಲ ರೂಪ ಕುಸಿಯುತ್ತಿತ್ತು. ಕಾರ್ಡರ್ 1967ರಲ್ಲಿ ಕಲಿಯುವವನ ತಪ್ಪುಗಳನ್ನು ಕಲಿಕೆಯ ಸಾಕ್ಷ್ಯವೆಂದು ಓದಿದರು. ವಾರ್ಡ್‌ಹಾ 1970ರಲ್ಲಿ ತಪ್ಪುಗಳನ್ನು ಮುಂಚಿತವಾಗಿ ಹೇಳಬಹುದೆಂಬ ವಾದವನ್ನು ಪ್ರಶ್ನಿಸಿದರು. ಸೆಲಿಂಕರ್ 1972ರಲ್ಲಿ ಕಲಿಯುವವನ ಭಾಷೆಗೆ ತನ್ನದೇ ವ್ಯವಸ್ಥೆಯಿದೆ ಎಂದು ತೋರಿಸಿದರು. ಹೀಗೆ ಪಟ್ಟಿಗೆ ಆಧಾರವಾಗಿದ್ದ ಸಿದ್ಧಾಂತ ಹದಿನೈದೇ ವರ್ಷಗಳಲ್ಲಿ ಹಿಂದೆ ಸರಿಯಿತು. ಪಟ್ಟಿ ಮಾತ್ರ ಉಳಿಯಿತು.

4. ಪಟ್ಟಿ ಸರಕಾದ ಬಗೆ

1990ರ ದಶಕದ ಕೊನೆಯಲ್ಲಿ ದೂರಸಂಪರ್ಕ ಅಗ್ಗವಾಗಿ, 1999ರ ಹೊಸ ದೂರಸಂಪರ್ಕ ನೀತಿಯೂ ಜಾರಿಗೆ ಬಂದ ಮೇಲೆ ಬೆಂಗಳೂರಿನಲ್ಲಿ ಕಾಲ್ ಸೆಂಟರುಗಳು ಬೆಳೆದವು. ಅವುಗಳೊಂದಿಗೆ ‘ವಾಯ್ಸ್ ಅಂಡ್ ಆಕ್ಸೆಂಟ್ ಟ್ರೇನರ್’ ಎಂಬ ಹುದ್ದೆ ಹುಟ್ಟಿತು. ದಕ್ಷಿಣ ಕನ್ನಡದಿಂದ ಘಾಟಿ ಹತ್ತಿ ಹೋದ ಪದವೀಧರರಲ್ಲಿ ಅನೇಕರು ಈ ತರಬೇತಿಯನ್ನು ಪಡೆದರು. ಕೆಲವರು ಮುಂದೆ ತಾವೇ ತರಬೇತುದಾರರಾದರು.

ಕೆಲವೇ ವಾರಗಳಲ್ಲಿ ದೊಡ್ಡ ತಂಡಗಳನ್ನು ಸಿದ್ಧಗೊಳಿಸಬೇಕಾಗಿದ್ದ ಉದ್ಯಮಕ್ಕೆ ಒಬ್ಬೊಬ್ಬರ ಭಾಷಾಚರಿತ್ರೆಯನ್ನು ಕೇಳುವ ವ್ಯವಧಾನವಿರಲಿಲ್ಲ. ಅರ್ಜಿಯಲ್ಲಿ ನಮೂದಾದ ರಾಜ್ಯವನ್ನು ನೋಡಿ ಭಾಷೆ, ಭಾಷೆಯನ್ನು ನೋಡಿ ತಪ್ಪುಗಳು, ಇದು ಕ್ರಮವಾಯಿತು. ಎರಡು ಭಾಷೆಗಳನ್ನು ಮಾತ್ರ ಎದುರುಬದುರಾಗಿಡುವ ವ್ಯತಿರೇಕ ಪಟ್ಟಿ ಇದಕ್ಕೆ ಹೇಳಿಮಾಡಿಸಿದಂತಿತ್ತು. ತಪ್ಪುಗಳನ್ನು ಎಣಿಸಬಹುದು, ಎಣಿಸಿದ್ದಕ್ಕೆ ಅಂಕ ಕೊಡಬಹುದು, ತರಬೇತಿಯ ಮೊದಲು ಮತ್ತು ಅನಂತರದ ಅಂಕಗಳನ್ನು ಗ್ರಾಹಕ ಸಂಸ್ಥೆಗೆ ತೋರಿಸಬಹುದು. ಬನ್ಸಲ್ ಕೇಳಿದ್ದ ಪ್ರಶ್ನೆಗೆ, ಅಂದರೆ ಈ ತಪ್ಪಿನಿಂದ ಯಾರಿಗೆ ಅರ್ಥವಾಗದೆ ಹೋಯಿತು ಎಂಬುದಕ್ಕೆ, ಈ ಲೆಕ್ಕದಲ್ಲಿ ಎಡೆಯಿರಲಿಲ್ಲ.

ಗುರಿಯ ಹೆಸರು ‘ನ್ಯೂಟ್ರಲ್’, ತಟಸ್ಥ ಉಚ್ಚಾರಣೆ. ಬೆಂಗಳೂರಿನ ಉಚ್ಚಾರಣಾ ತರಬೇತಿಯನ್ನು ಕುರಿತ ಕ್ಲೇರ್ ಕೌವಿಯವರ 2007ರ ಅಧ್ಯಯನವು ಈ ಪದಕ್ಕೆ ಒಂದು ನಿಶ್ಚಿತ ಅರ್ಥವಿಲ್ಲದಿರುವುದನ್ನು ಚರ್ಚಿಸಿದೆ. ಮೀರ್‌ಚಂದಾನಿಯವರ 2012ರ ಮತ್ತು ಅನೀಶರ 2015ರ ಕೃತಿಗಳು ಈ ಉದ್ಯಮದಲ್ಲಿ ತಟಸ್ಥತೆ ಶ್ರಮದಿಂದ ತಯಾರಾಗುವ ವಸ್ತು ಎಂಬುದನ್ನು ತೋರಿಸಿಕೊಟ್ಟಿವೆ.

ತಾಂತ್ರಿಕ ಸಂಗತಿಯೊಂದನ್ನು ಇಲ್ಲಿ ಸೇರಿಸಬೇಕು. ಸಾಂಪ್ರದಾಯಿಕ ದೂರವಾಣಿ ಜಾಲ ಸಾಗಿಸುತ್ತಿದ್ದುದು ಸುಮಾರು 300ರಿಂದ 3400 ಹರ್ಟ್ಸ್ ವರೆಗಿನ ಧ್ವನಿಯನ್ನು ಮಾತ್ರ. ಸಕಾರದಂತಹ ಘರ್ಷಧ್ವನಿಗಳ ಶಕ್ತಿಯ ಬಹುಪಾಲು ಇದಕ್ಕಿಂತ ಮೇಲಿನ ಆವೃತ್ತಿಗಳಲ್ಲಿರುತ್ತದೆ. ಹಾಗಾಗಿ ದೂರವಾಣಿಯಲ್ಲಿ ಸಕಾರ, ಫಕಾರಗಳು ಯಾರ ಬಾಯಲ್ಲಿ ಬಂದರೂ ಕಲಸಿಹೋಗುವ ಸಂಭವವಿದೆ. ತಂತಿಯ ಮಿತಿ ಕೆಲವೊಮ್ಮೆ ಭಾಷಿಕನ ಖಾತೆಗೆ ಜಮೆಯಾದದ್ದು ಹೀಗೆ.

5. ಸ್ವತಂತ್ರ ತರಬೇತುದಾರರ ಕಾಲ

ವಿಡಿಯೋ ಕರೆಗಳು ಸುಲಭವಾದ ಮೇಲೆ, ವಿಶೇಷವಾಗಿ 2020ರ ಲಾಕ್‌ಡೌನ್‌ನಿಂದ ಈಚೆಗೆ, ಈ ವೃತ್ತಿ ಕಚೇರಿಯಿಂದ ಹೊರಬಂತು. ತರಬೇತುದಾರ ಬೆಂಗಳೂರಿನಲ್ಲಿ ಇರಬೇಕಾಗಿಲ್ಲ. ಗುಡ್ಡದ ಮೇಲಿನ ಮನೆಯಲ್ಲಿ ಮೊಬೈಲ್ ಸಂಕೇತ ಸಿಗುವ ಮೂಲೆಯೊಂದಿದ್ದರೆ ಸಾಕು. ಸಾಧನಗಳೂ ಉತ್ತಮಗೊಂಡವು. ವಿಶಾಲ ಆವೃತ್ತಿಯ ಧ್ವನಿಸಂವಹನ ಮತ್ತು ಉಚಿತವಾಗಿ ದೊರೆಯುವ ಪ್ರಾಟ್ ತಂತ್ರಾಂಶದಿಂದಾಗಿ ಹಿಂದೆ ಪ್ರಯೋಗಾಲಯದಲ್ಲಿ ಮಾತ್ರ ಸಾಧ್ಯವಿದ್ದ ಸ್ವರವಿಶ್ಲೇಷಣೆ ಮನೆಯಲ್ಲಿಯೇ ಸಾಧ್ಯವಾಯಿತು.

ಹಣ ಕೊಡುವವರು ಬದಲಾದದ್ದು ಇನ್ನೂ ದೊಡ್ಡ ಬದಲಾವಣೆ. ಕಾಲ್ ಸೆಂಟರಿನಲ್ಲಿ ಗುರಿಯನ್ನು ನಿರ್ಧರಿಸುತ್ತಿದ್ದುದು ಸಂಸ್ಥೆ. ಇಲ್ಲಿ ಕಲಿಯುವವರೇ ಗ್ರಾಹಕರು: ವಿದೇಶಕ್ಕೆ ಹೊರಟ ದಾದಿಯರು, ಸಂದರ್ಶನಕ್ಕೆ ಸಿದ್ಧವಾಗುವ ಎಂಜಿನಿಯರುಗಳು, ಸಂಶೋಧನಾ ವಿದ್ಯಾರ್ಥಿಗಳು. ಅವರಲ್ಲಿ ಅನೇಕರು ‘ನನ್ನ ಎಂಟಿಐ ತೆಗೆಯಬೇಕು’ ಎಂದೇ ಮಾತು ಆರಂಭಿಸುತ್ತಾರೆ. ಹೊರಗಿನವರು ಇಟ್ಟ ಹೆಸರು ಈಗ ಸ್ವಂತ ದೂರಾಗಿದೆ. ಐಇಎಲ್‌ಟಿಎಸ್ ಮಾತಿನ ಪರೀಕ್ಷೆಯಲ್ಲಿ ಉಚ್ಚಾರಣೆ ನಾಲ್ಕು ಮಾನದಂಡಗಳಲ್ಲಿ ಒಂದು. ಅದರ ವಿವರಣೆಯಲ್ಲಿ ಮುಖ್ಯವಾದುದು ಮಾತು ಅರ್ಥವಾಗುವುದು. ಊರಿನ ಛಾಯೆ ಇದ್ದ ಮಾತ್ರಕ್ಕೆ ಅಂಕ ಕಳೆಯುವ ಪದ್ಧತಿಯಿಲ್ಲ. ಇದನ್ನು ಮೊದಲ ಪಾಠದಲ್ಲೇ ಹೇಳುವುದು ತರಬೇತುದಾರನ ಕರ್ತವ್ಯ. ಆದರೆ ತಪ್ಪುಗಳು ಹೆಚ್ಚಿದಷ್ಟೂ ಪಾಠಗಳು ಹೆಚ್ಚುತ್ತವೆ, ಪಾಠಗಳು ಹೆಚ್ಚಿದಷ್ಟೂ ಆದಾಯ. ಈ ಪ್ರಲೋಭನೆಗೆ ನಾವೂ ಹೊರತಾಗಿರಲಿಲ್ಲ. ಉದ್ದವಾದ ಪಟ್ಟಿಯನ್ನು ನೋಡಿದಾಗ ನಮಗೆ ಅನುಮಾನಕ್ಕಿಂತ ಸಮಾಧಾನವೇ ಹೆಚ್ಚಾಗುತ್ತಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು.

6. ಗುಂಡ್ಯದಲ್ಲಿ ಪಟ್ಟಿ

ಪಟ್ಟಿಯ ಮೂರು ಸಾಲುಗಳನ್ನು ಈ ಪರಿಸರದ ಭಾಷೆಗಳ ಮುಂದಿಟ್ಟು ನೋಡೋಣ.

ಮೊದಲನೆಯದು, ‘ಮೆನ್’ ಮತ್ತು ‘ಮ್ಯಾನ್’ ಪದಗಳ ಸ್ವರಗಳನ್ನು ಭಾಷಿಕರು ಬೇರ್ಪಡಿಸುವುದಿಲ್ಲ ಎಂಬ ಸಾಲು. ‘ಬ್ಯಾಂಕು’, ‘ಬ್ಯಾಗು’ ಎಂಬ ಎರವಲುಗಳನ್ನು ದಿನವೂ ಆಡುವ ಕನ್ನಡಿಗರ ವಿಷಯದಲ್ಲೂ ಇದು ಅರೆಸತ್ಯ. ತುಳು ಭಾಷಿಕರಲ್ಲಂತೂ ಪುರುಷವಾಚಕ ಪ್ರತ್ಯಯದ ಭೇದವೇ ಇಂತಹ ವ್ಯತ್ಯಾಸದ ಮೇಲೆ ನಿಂತಿದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ತುಳುವಿನ ಭೇದ ಮುಖ್ಯವಾಗಿ ಪದಾಂತ್ಯದಲ್ಲಿ, ಇಂಗ್ಲಿಷಿನದು ವ್ಯಂಜನಾಂತ್ಯದ ಆಘಾತಯುಕ್ತ ಅಕ್ಷರದಲ್ಲಿ. ಒಂದು ಸ್ಥಾನದ ಭೇದ ಇನ್ನೊಂದಕ್ಕೆ ತಾನಾಗಿ ವರ್ಗಾವಣೆಯಾಗುತ್ತದೆಂದು ಹೇಳಲಾಗದು. ಆದರೂ ಕಿವಿಗೆ ಭೇದ ಗೊತ್ತಿರುವ, ನಾಲಗೆಗೆ ಎರಡೂ ಸ್ವರಗಳು ರೂಢಿಯಿರುವ ಕಲಿಕೆಗಾರ್ತಿಗೆ ‘ಇದು ನಿಮ್ಮಲ್ಲಿಲ್ಲ’ ಎಂದು ಹೇಳುವುದಕ್ಕೂ ‘ಮಲ್ಪುವೆಯ ಕೊನೆಯಲ್ಲಿ ಇರುವುದನ್ನು ಇಲ್ಲಿ ನಡುವೆ ತನ್ನಿ’ ಎಂದು ಹೇಳುವುದಕ್ಕೂ ಅಜಗಜಾಂತರ.

ಎರಡನೆಯದು, ಪದಾಂತ್ಯದಲ್ಲಿ ಉಕಾರ ಸೇರಿಸುತ್ತಾರೆ ಎಂಬ ಸಾಲು. ಕನ್ನಡದ ‘ಬಸ್ಸು’ ತುಟಿ ದುಂಡಾಗುವ ಉಕಾರದಲ್ಲಿ ಮುಗಿಯುತ್ತದೆ. ತುಳುವಿನಲ್ಲಿ ಅದೇ ಪದ ಬ್ರಿಗೆಲ್ ವಿವರಿಸಿದ ಅರೆ ಉಕಾರದಲ್ಲಿ ಮುಗಿಯುತ್ತದೆ. ಮಲಯಾಳಂನ ಸಂವೃತೋಕಾರ ಅದರ ಸಮೀಪದ್ದು. ಪದಾಂತ್ಯದಲ್ಲಿ ಹೆಚ್ಚಾಗಿ ಬಂದಾಗ ಈ ಸ್ವರ ತೊಡಕೇ ಸರಿ. ಆದರೆ ಇಂಗ್ಲಿಷಿನ ಆಘಾತರಹಿತ ಅಕ್ಷರಗಳಿಗೆ ಬೇಕಾದ ದುರ್ಬಲ ಮಧ್ಯಸ್ವರವನ್ನು ಕಲಿಸಲು ಇದಕ್ಕಿಂತ ಹತ್ತಿರದ ಮೆಟ್ಟಿಲು ಸಿಗದು. ನಾಲಗೆಯ ಎತ್ತರದಲ್ಲಿ ವ್ಯತ್ಯಾಸವಿದೆ. ತುಟಿಯನ್ನು ಸಡಿಲ ಬಿಡುವ ಅಭ್ಯಾಸ ಎರಡಕ್ಕೂ ಸಮಾನ.

ಮೂರನೆಯದು, ಟಕಾರ ಮೂರ್ಧನ್ಯವಾಗುತ್ತದೆ ಎಂಬ ಸಾಲು. ಕನ್ನಡ, ತುಳುಗಳಿಗೆ ಇದು ಹೊಂದುತ್ತದೆ. ಮಲಯಾಳಂನಲ್ಲಿ ದಂತ್ಯ ಮತ್ತು ಮೂರ್ಧನ್ಯಗಳಲ್ಲದೆ ವರ್ತ್ಸ್ಯ ಸ್ಪರ್ಶವೂ ದ್ವಿತ್ವದಲ್ಲಿ ಭೇದಕವಾಗಿದೆ; ಇಂಗ್ಲಿಷಿನ ಟಕಾರದ ಉಚ್ಚಾರಣಾಸ್ಥಾನವೂ ಅದೇ. ಶಿರಾಡಿ, ನೆಲ್ಯಾಡಿ ಕಡೆಯ ಮಲಯಾಳಂ ಮನೆಯ ಹುಡುಗನ ವಾಸಸ್ಥಳ ಕರ್ನಾಟಕವೆಂಬ ಕಾರಣಕ್ಕೆ ಅವನ ಕೈಗೆ ‘ಎಂಟಿಐ: ಕನ್ನಡ’ ಕೊಟ್ಟರೆ ಅವನ ಅತ್ಯುತ್ತಮ ನೆರವನ್ನು ಕಿತ್ತುಕೊಂಡಂತೆ. ಮೇಲಾಗಿ, ಟಕಾರ ಮೂರ್ಧನ್ಯವಾದುದರಿಂದ ಅರ್ಥ ಕೆಡುವ ಸಂದರ್ಭಗಳು ವಿರಳ.

ಹಾಗಾದರೆ ನಿಜವಾದ ತೊಡಕು ಎಲ್ಲಿ? ಮೇಲೆ ಹೇಳಿದ ವಿದ್ಯಾರ್ಥಿನಿಯ ದಾಖಲೆಯನ್ನು ಮತ್ತೆ ಕೇಳಿದಾಗ ನಮಗೆ ಕಂಡದ್ದು ಬನ್ಸಲ್ ಹೇಳಿದ್ದೇ: ‘ಡೆವಲಪ್’, ‘ಇಂಜೆಕ್ಷನ್’ ಮುಂತಾದ ಪದಗಳಲ್ಲಿ ಎರಡನೆಯ ಅಕ್ಷರಕ್ಕೆ ಬೀಳಬೇಕಾದ ಆಘಾತ ಮೊದಲನೆಯದಕ್ಕೆ ಬೀಳುತ್ತಿತ್ತು. ಕನ್ನಡ, ತುಳು, ಮಲಯಾಳಂ ಮೂರರಲ್ಲೂ ಪದಾಘಾತ ಅರ್ಥಭೇದಕವಲ್ಲ. ಮನ್ರೊ ಮತ್ತು ಡರ್ವಿಂಗ್ 1995ರಲ್ಲಿ ತೋರಿಸಿದಂತೆ, ಮಾತಿನಲ್ಲಿ ಪರಭಾಷೆಯ ಛಾಯೆ ಗಾಢವಾಗಿದ್ದೂ ಅದು ಪೂರ್ತಿ ಅರ್ಥವಾಗಬಹುದು. ಜೆಂಕಿನ್ಸ್ 2000ದಲ್ಲಿ ಅಂತರರಾಷ್ಟ್ರೀಯ ಸಂವಹನಕ್ಕೆ ಅಗತ್ಯವಾದ ಉಚ್ಚಾರಣಾಂಶಗಳ ಸಣ್ಣ ತಿರುಳೊಂದನ್ನು ಪ್ರತ್ಯೇಕಿಸಿದರು; ಪದಾಘಾತವನ್ನು ಅವರು ಅದರ ಹೊರಗಿಟ್ಟದ್ದು ಚರ್ಚಾಸ್ಪದ. ನಮ್ಮ ಸಂದರ್ಭದಲ್ಲಿ ಬನ್ಸಲ್ ಅವರ ನಿಲುವೇ ಹೆಚ್ಚು ಒಪ್ಪಿತ. ಆ ವಿದ್ಯಾರ್ಥಿನಿಯೊಂದಿಗೆ ಉಳಿದ ಪಾಠಗಳನ್ನು ನಾವು ಆಘಾತಕ್ಕೆ ಮೀಸಲಿಟ್ಟೆವು. ಮೊದಲ ಎರಡು ಪಾಠಗಳ ಶುಲ್ಕವನ್ನು ಹಿಂದಿರುಗಿಸಿದೆವು.

7. ಉಪಸಂಹಾರ

ಕರ್ನಾಟಕ ಸರಕಾರವು ತುಳು ಮತ್ತು ಕೊಂಕಣಿಗೆ 1994ರಲ್ಲಿ, ಬ್ಯಾರಿಗೆ 2007ರಲ್ಲಿ, ಅರೆಭಾಷೆಗೆ 2011ರಲ್ಲಿ ಪ್ರತ್ಯೇಕ ಅಕಾಡೆಮಿಗಳನ್ನು ಸ್ಥಾಪಿಸಿದೆ. 2011ರ ಜನಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ತುಳುವನ್ನು ಮಾತೃಭಾಷೆಯೆಂದು ನಮೂದಿಸಿದ್ದಾರೆ. ಇಷ್ಟಾದರೂ ಉಚ್ಚಾರಣಾ ತರಬೇತಿಯ ಪಟ್ಟಿಯಲ್ಲಿ ಇವರೆಲ್ಲರಿಗೂ ಒಂದೇ ಪುಟ. ಆ ಪುಟದ ಚರಿತ್ರೆಯನ್ನು ಹಿಂಬಾಲಿಸಿದಾಗ ತಿಳಿಯುವುದೇನೆಂದರೆ, ಅದು ಏಕಭಾಷಿಕ ಕಲಿಕೆಗಾರನನ್ನು ಕಲ್ಪಿಸಿಕೊಂಡ ಸಿದ್ಧಾಂತವೊಂದರ ಉಳಿಕೆ. ಸಿದ್ಧಾಂತ ತೊರೆದದ್ದನ್ನು ಉದ್ಯಮವು ಅನುಕೂಲಕ್ಕಾಗಿ ಎತ್ತಿಕೊಂಡಿತು. ಉದ್ಯಮದಿಂದ ಹೊರಬಂದ ಸ್ವತಂತ್ರ ತರಬೇತುದಾರರು, ನಮ್ಮಂತಹ ಭಾಷಾವಿಜ್ಞಾನದ ವಿದ್ಯಾರ್ಥಿಗಳೂ ಸೇರಿದಂತೆ, ಅದನ್ನು ಪರೀಕ್ಷಿಸದೆ ಹೊತ್ತು ತಂದರು.

2020ರ ದಶಕದಲ್ಲಿ ಕರೆಯ ನಡುವೆಯೇ ಮಾತಿನ ಛಾಯೆಯನ್ನು ಬದಲಿಸುವ ತಂತ್ರಾಂಶಗಳು ಬಂದಿವೆ. ಛಾಯೆಯನ್ನು ಅಳಿಸುವುದೇ ಕೆಲಸವಾದರೆ ಅದನ್ನು ಇನ್ನು ಯಂತ್ರವೇ ಮಾಡಬಹುದು. ತರಬೇತುದಾರನಿಗೆ ಉಳಿಯುವುದು ಯಂತ್ರ ಕೇಳದ ಪ್ರಶ್ನೆಗಳು: ಮನೆಯಲ್ಲಿ ಯಾವ ಮಾತು, ಶಾಲೆಯಲ್ಲಿ ಯಾವುದು, ಪೇಟೆಯಲ್ಲಿ ಯಾವುದು, ಮತ್ತು ಯಾರಿಗೆ, ಯಾವಾಗ ನಿಮ್ಮ ಮಾತು ಅರ್ಥವಾಗಲಿಲ್ಲ? ಈ ವೃತ್ತಿಗೆ ಇಳಿಯುವ ಸಂಶೋಧನಾ ವಿದ್ಯಾರ್ಥಿಗಳಿಗೆ ನಮ್ಮ ಸಲಹೆ ಇಷ್ಟೇ. ಮೊದಲ ಪಾಠದಲ್ಲಿ ಪಟ್ಟಿಯನ್ನು ಮುಚ್ಚಿಟ್ಟು ಈ ಪ್ರಶ್ನೆಗಳನ್ನು ಕೇಳಬೇಕು. ಉತ್ತರವನ್ನು ಕೇಳಿದ ಮೇಲೆ ಬ್ರಿಗೆಲ್, ಪಣಿಯಾಡಿ, ಶಂಕರ ಭಟ್ಟರ ಪುಟಗಳನ್ನು ತೆರೆಯಬೇಕು. ತಪ್ಪನ್ನು ಗುರುತಿಸುವ ಮೊದಲು ಕಲಿಯುವವರಲ್ಲಿ ಏನೇನು ಇದೆ ಎಂಬುದನ್ನು ಬರೆದುಕೊಂಡರೆ, ಪಟ್ಟಿಯ ಅರ್ಧ ಸಾಲುಗಳು ಬೇಕಾಗುವುದಿಲ್ಲ.